ಮಳೆ ರಜೆಯಲ್ಲಿ 'ಮ್ಯಾಜಿಕ್' ಕಾರ್ಡಾಟ ಕಲಿಯಬೇಕು: ಬಲ್ಲವರು ಅನುಭವ ಹಂಚಿಕೊಳ್ಳಿ

ಕೇಳಿದವರು, ಸೋಮವಾರಪೇಟೆ

ಬೆಂಗಳೂರಿನಲ್ಲಿರುವ ಅಕ್ಕನ ಮಗ ಊರಿಗೆ ಬಂದವನು 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಆಟದ ಎರಡು ಡೆಕ್‌ಗಳನ್ನು ನಮ್ಮಲ್ಲೇ ಬಿಟ್ಟುಹೋಗಿದ್ದಾನೆ. ಒಂದು ಹಸಿರು, ಇನ್ನೊಂದು ಕೆಂಪು. ಶಾಲೆಗೆ ಮಳೆ ರಜೆ ಘೋಷಿಸಿದ್ದಾರೆ, ಎಂಟನೇ ತರಗತಿಯ ಮಗಳು ಕಲಿಸಿಕೊಡಿ ಎಂದು ಬೆಳಗಿನಿಂದ ಬೆನ್ನು ಬಿದ್ದಿದ್ದಾಳೆ. ನನಗೆ ರಮ್ಮಿ ಬಿಟ್ಟು ಬೇರೆ ಇಸ್ಪೀಟಾಟ ಗೊತ್ತಿಲ್ಲ. ನಿಯಮ ಓದಲು ಕುಳಿತರೆ ಅದಕ್ಕೆ ಕೊನೆಯೇ ಕಾಣುತ್ತಿಲ್ಲ. ಎಲ್ಲಿಂದ ಆರಂಭಿಸಲಿ? ಮುಂದೆ ಇದಕ್ಕೆ ದುಡ್ಡು ಸುರಿಯಬೇಕಾಗುತ್ತದೆಯೇ?

ವಿರಾಜಪೇಟೆಯಿಂದ

ಅಕ್ಕಾ, ಆ ಪೂರ್ತಿ ನಿಯಮಾವಳಿಯನ್ನು ಮೊದಲು ಪಕ್ಕಕ್ಕಿಡಿ. ಇನ್ನೂರು ಪುಟ ದಾಟುವ ಆ ದಾಖಲೆ ಪಂದ್ಯದ ತೀರ್ಪುಗಾರರಿಗಾಗಿ ಇರುವುದು, ಜಗಲಿಯಲ್ಲಿ ಕುಳಿತು ಆಡುವವರಿಗಲ್ಲ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ರೂಪಿಸಿದ, 1993ರಲ್ಲಿ ಬಿಡುಗಡೆಯಾದ ಆಟ ಇದು. ಆಮೇಲೆ ಸಾವಿರಾರು ಹೊಸ ಕಾರ್ಡು ಸೇರಿಕೊಂಡಿವೆ, ಆದರೆ ಒಳಗಿನ ಹಂದರ ಅಂದಿನದೇ.

ಇಬ್ಬರೂ ಮಂತ್ರವಾದಿಗಳು ಎಂದುಕೊಳ್ಳಿ. ತಲಾ 20 ಜೀವ, ಕೈಯಲ್ಲಿ 7 ಕಾರ್ಡು. ಎದುರಾಳಿಯ ಜೀವವನ್ನು ಸೊನ್ನೆಗಿಳಿಸಿದವರು ಗೆದ್ದಂತೆ. ಎಳೆಯಲು ಡೆಕ್‌ನಲ್ಲಿ ಕಾರ್ಡೇ ಉಳಿಯದವರೂ ಸೋಲುತ್ತಾರೆ. ನಿಮ್ಮ ಸರದಿ ಬಂದಾಗ ಅಡ್ಡ ತಿರುಗಿಸಿದ ಕಾರ್ಡುಗಳನ್ನೆಲ್ಲ ನೆಟ್ಟಗೆ ಮಾಡಿ, ಒಂದು ಕಾರ್ಡು ಎಳೆದುಕೊಳ್ಳಿ (ಆಟ ಶುರು ಮಾಡಿದವರಿಗೆ ಮೊದಲ ಸರದಿಯಲ್ಲಿ ಎಳೆಯುವ ಅವಕಾಶವಿಲ್ಲ). ಸರದಿಗೆ ಒಂದೇ ಲ್ಯಾಂಡ್ (ನೆಲದ ಕಾರ್ಡು) ಇಳಿಸಬಹುದು. ಆ ಲ್ಯಾಂಡ್ ಅನ್ನು ಅಡ್ಡ ತಿರುಗಿಸಿದರೆ, ಅಂದರೆ ಟ್ಯಾಪ್ ಮಾಡಿದರೆ, ಒಂದು ಮಾನಾ (ಮಂತ್ರಶಕ್ತಿ) ಸಿಗುತ್ತದೆ. ಮಾನಾ ಖರ್ಚು ಮಾಡಿ ಉಳಿದ ಕಾರ್ಡುಗಳನ್ನು ಇಳಿಸುವುದು. ಯಾವುದಕ್ಕೆ ಎಷ್ಟು ಬೇಕೆಂಬುದು ಕಾರ್ಡಿನ ಬಲಬದಿಯ ಮೇಲಿನ ಮೂಲೆಯಲ್ಲಿ ಇರುತ್ತದೆ. ಕ್ರೀಚರ್ (ನಿಮ್ಮ ಪರ ಕಾದಾಡುವ ಜೀವಿ) ಆದರೆ ಕೆಳಗಿನ ಮೂಲೆಯಲ್ಲಿ 2/2 ಎಂಬಂತೆ ಎರಡು ಅಂಕಿ: ಮೊದಲನೆಯದು ಅದು ಕೊಡುವ ಏಟು, ಎರಡನೆಯದು ತಾಳಿಕೊಳ್ಳುವ ಶಕ್ತಿ. ಈ ಸರದಿಯಲ್ಲಿ ಬಂದ ಕ್ರೀಚರ್ ಈ ಸರದಿಯಲ್ಲೇ ದಾಳಿ ಮಾಡುವಂತಿಲ್ಲ.

ಇಷ್ಟು ಗೊತ್ತಾದರೆ ಆರಂಭಿಸಬಹುದು. ನನ್ನ ಮುಖ್ಯ ಸಲಹೆ: ಮೊದಮೊದಲು ಇಬ್ಬರೂ ಕೈಯ ಕಾರ್ಡುಗಳನ್ನು ಬಿಚ್ಚಿಟ್ಟೇ ಆಡಿ. ರಮ್ಮಿ ಆಡಿದವರಿಗೆ ಕಾರ್ಡು ಎದೆಗವಚಿಕೊಳ್ಳುವ ಅಭ್ಯಾಸ, ಅದನ್ನು ಸ್ವಲ್ಪ ದಿನ ಬಿಡಬೇಕು. "ಇದನ್ನು ಈಗಲೇ ಇಳಿಸಲೇ, ಕಾಯಲೇ?" ಎಂದು ಇಬ್ಬರೂ ಸೇರಿ ಲೆಕ್ಕ ಹಾಕಿದರೆ ಬೇಗ ತಲೆಗೆ ಹತ್ತುತ್ತದೆ. ಆರಂಭದಲ್ಲಿ ಲ್ಯಾಂಡ್ ಮತ್ತು ಕ್ರೀಚರ್‌ಗಳನ್ನು ಮಾತ್ರ ಉಳಿಸಿ, ಬೇರೆಲ್ಲ ತೆಗೆದಿಡಿ. 60 ಕಾರ್ಡಿನ ಡೆಕ್‌ನಲ್ಲಿ ಲ್ಯಾಂಡ್ 24ರ ಆಸುಪಾಸು ಇರುತ್ತದೆ. ಉಳಿದವು ಕಡಿಮೆಯಾದಾಗ ಅದು ಅತಿಯಾಗುತ್ತದೆ, ಹಾಗಾಗಿ ಐದಾರನ್ನು ಹೊರಗಿಟ್ಟರೆ ಸರಿಹೋಗುತ್ತದೆ.

ಇದು ರೂಢಿಯಾದ ಮೇಲೆ ಇನ್‌ಸ್ಟಂಟ್‌ಗಳನ್ನು (ಒಮ್ಮೆ ಬಳಸಿ ಮುಗಿಯುವ ಮಂತ್ರದ ಕಾರ್ಡು) ಸೇರಿಸಿ. ಇವನ್ನು ಎದುರಾಳಿಯ ಸರದಿಯಲ್ಲೂ ಬಳಸಬಹುದು. ಆಟದ ರುಚಿ ಹತ್ತುವುದೇ ಇಲ್ಲಿಂದ. ಹಸಿರಿನವರ ಕಡೆ ಮೇಜಿನ ಮೇಲೆ 2/2ರ ಗ್ರಿಜ್ಲಿ ಬೇರ್ಸ್ ಎಂಬ ಕರಡಿ ಕಾರ್ಡು ಇಡಿ. ಹಸಿರಿನವರ ಕೈಗೆ ಸರದಿ ಮುಗಿಯುವವರೆಗೆ +3/+3 ಕೊಡುವ ಜೈಂಟ್ ಗ್ರೋತ್, ಕೆಂಪಿನವರ ಕೈಗೆ 3 ಏಟು ಹಾಕುವ ಲೈಟ್ನಿಂಗ್ ಬೋಲ್ಟ್. ಈ ಕಾರ್ಡುಗಳೇ ಇಲ್ಲದಿದ್ದರೆ ಚೀಟಿಯಲ್ಲಿ ಬರೆದುಕೊಳ್ಳಿ. ಈಗ ಕೆಂಪಿನವರು ಕರಡಿಗೆ ಬೋಲ್ಟ್ ಹಾಕಲಿ, ಅದಕ್ಕೆ ಉತ್ತರವಾಗಿ ಹಸಿರಿನವರು ಗ್ರೋತ್ ಹಾಕಲಿ. ಕೊನೆಗೆ ಹಾಕಿದ್ದು ಮೊದಲು ನಡೆಯಬೇಕು. ಕರಡಿ 5/5 ಆಗುತ್ತದೆ, ಆಮೇಲೆ ಬಿದ್ದ 3 ಏಟನ್ನು ತಡೆದುಕೊಂಡು ಬದುಕುತ್ತದೆ. ಇನ್ನು ತಿರುಗಿಸಿ ಆಡಿ: ಹಸಿರಿನವರು ಮೊದಲು ಗ್ರೋತ್ ಹಾಕಲಿ, ಉತ್ತರವಾಗಿ ಬೋಲ್ಟ್ ಬರಲಿ. ಈಗ ಮೊದಲು ನಡೆಯುವುದು ಬೋಲ್ಟ್. ಇನ್ನೂ 2/2 ಆಗಿರುವ ಕರಡಿ ಸಾಯುತ್ತದೆ, ಗ್ರೋತ್ ಕೂಡ ದಂಡ. ಕಾರ್ಡು ಅವೇ, ಮಾನಾ ಅಷ್ಟೇ, ಯಾರು ಮೊದಲು ಕೈ ಬಿಚ್ಚಿದರು ಎಂಬುದಷ್ಟೇ ಬೇರೆ. ಮಗಳಿಗೆ ಇದು ತಿಳಿದ ದಿನ ಅವಳು ನಿಮ್ಮನ್ನು ಸೋಲಿಸಲು ಆರಂಭಿಸುತ್ತಾಳೆ, ಸಿದ್ಧರಾಗಿರಿ.

ಕುಶಾಲನಗರದಿಂದ

ಇಷ್ಟೆಲ್ಲ ಶ್ರಮ ಯಾಕೆ? 'ಮ್ಯಾಜಿಕ್ ಅರೀನಾ' ಮೊಬೈಲ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆರಂಭದ ಪಾಠಗಳಲ್ಲಿ ಒಂದೊಂದೇ ಹೆಜ್ಜೆ ಕೈಹಿಡಿದು ಕಲಿಸುತ್ತದೆ, ತಪ್ಪು ನಡೆಗೆ ಬಿಡುವುದೇ ಇಲ್ಲ. ನಾನು ಕಲಿತದ್ದು ಹಾಗೆಯೇ. ಎದುರಿಗೆ ಆಡುವವರಿಲ್ಲದ ಊರಿನಲ್ಲಿ ಬೇರೆ ದಾರಿಯೂ ಇರಲಿಲ್ಲ.

ವಿರಾಜಪೇಟೆಯಿಂದ, ಮತ್ತೆ

ಒಂಟಿಯಾಗಿ ಕಲಿಯುವವರಿಗೆ ಅದು ಸರಿ ಅಣ್ಣ, ಒಪ್ಪುತ್ತೇನೆ. ಆದರೆ ಲೆಕ್ಕವನ್ನೆಲ್ಲ ಅದೇ ಮಾಡಿಬಿಡುವುದರಿಂದ ಯಾಕೆ ಹಾಗಾಯಿತು ಎಂಬುದು ತಿಳಿಯುವುದಿಲ್ಲ. ಅರೀನಾದಲ್ಲಿ ಮಾತ್ರ ಆಡಿದ ಹುಡುಗರು ಮೇಜಿಗೆ ಬಂದಾಗ ಲ್ಯಾಂಡ್ ನೆಟ್ಟಗೆ ಮಾಡುವುದನ್ನೇ ಮರೆತು ಕೂರುವುದನ್ನು ಕಂಡಿದ್ದೇನೆ. ಅಲ್ಲದೆ, ಇದು ನಮ್ಮ ಜಿಲ್ಲೆ. ಜುಲೈ ಗಾಳಿಗೆ ಮರ ಲೈನಿನ ಮೇಲೆ ಬಿದ್ದರೆ ಕರೆಂಟಿಲ್ಲ, ಹಿಂದೆಯೇ ಟವರೂ ಸತ್ತುಹೋಗುತ್ತದೆ. ಆಗ ಲಾಟೀನಿನ ಬೆಳಕಿನಲ್ಲೂ ನಡೆಯುವುದು ಕಾಗದದ ಆಟವೇ.

ನಾಪೋಕ್ಲಿನಿಂದ

ಆಟದ ಬಗ್ಗೆ ಹೇಳುವವರು ಹೇಳಿದ್ದಾರೆ, ನಾನು ಕಾರ್ಡು ಉಳಿಸಿಕೊಳ್ಳುವ ಬಗ್ಗೆ ಹೇಳುತ್ತೇನೆ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕಾಗದದ ಪಾಡು ಕೇಳಬೇಕೇ? ಫಳಫಳ ಹೊಳೆಯುವ ಫಾಯಿಲ್ ಕಾರ್ಡುಗಳಂತೂ ತೇವಕ್ಕೆ ಬಿಲ್ಲಿನಂತೆ ಬಾಗುತ್ತವೆ. ಹಾಗೆ ಬಾಗಿದ ಕಾರ್ಡು ಡೆಕ್‌ನಲ್ಲಿ ಎಲ್ಲಿದೆ ಎಂದು ಬದಿಯಿಂದಲೇ ಗೊತ್ತಾಗಿಬಿಡುತ್ತದೆ. ಪ್ಲಾಸ್ಟಿಕ್ ಸ್ಲೀವ್ ಹಾಕಿ. ಕಾರ್ಡಿನ ಅಳತೆ 63×88 ಮಿಲಿಮೀಟರ್, ಅದಕ್ಕೆ ಹೊಂದುವುದನ್ನೇ ಕೇಳಿ ತರಿಸಿ. ಗಾಳಿಯಾಡದ ಡಬ್ಬದಲ್ಲಿ, ಹೊಸ ಶೂಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ತೇವ ಹೀರಲಿ ಎಂದು ಅಕ್ಕಿ ಡಬ್ಬದೊಳಗೆ ಹೂತಿಡಬೇಡಿ, ಹುಡಿ ಅಂಟುತ್ತದೆ. ಬಿಸಿ ಎಂದು ಒಲೆಯ ಮೇಲಿನ ಅಟ್ಟಕ್ಕೂ ಏರಿಸಬೇಡಿ.

ಗೋಣಿಕೊಪ್ಪದಿಂದ

ದುಡ್ಡಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಆಡಲು ಬೇಕಾದದ್ದು ನಿಮ್ಮ ಬಳಿ ಆಗಲೇ ಇದೆ ಮೇಡಂ. ಸದ್ಯಕ್ಕೆ ಒಂದು ಪೈಸೆಯೂ ಬೇಡ. ಖರ್ಚು ಆರಂಭವಾಗುವುದು ಬೂಸ್ಟರ್ ಪ್ಯಾಕ್‌ಗಳಿಂದ, ಅಂದರೆ ಹೊಸ ಕಾರ್ಡುಗಳ ಮುಚ್ಚಿದ ಪೊಟ್ಟಣಗಳಿಂದ. ಒಳಗೆ ಯಾವ ಕಾರ್ಡಿದೆ ಎಂದು ಒಡೆಯುವವರೆಗೆ ತಿಳಿಯದು, ಹೆಚ್ಚುಕಡಿಮೆ ಲಾಟರಿ ಟಿಕೆಟ್. ನನ್ನ ಇಬ್ಬರು ಮಕ್ಕಳಿಗೂ ನಾನು ಹಾಕಿರುವ ಕಟ್ಟಳೆ: ಬೇಕಾದ ಕಾರ್ಡನ್ನು ಹೆಸರು ಹೇಳಿ ಬಿಡಿಯಾಗಿ ಕೊಳ್ಳಿ, ಪ್ಯಾಕ್ ಹುಟ್ಟುಹಬ್ಬಕ್ಕೆ ಮಾತ್ರ.

'ಪಾಪರ್' ಎಂಬ ಬಗೆಯೊಂದಿದೆ, ಅದರಲ್ಲಿ ಸಾಮಾನ್ಯ ದರ್ಜೆಯ ಕಾರ್ಡುಗಳಿಗೆ ಮಾತ್ರ ಪ್ರವೇಶ. ಮೇಲೆ ಹೇಳಿದ ಬೋಲ್ಟ್, ಗ್ರೋತ್ ಎರಡೂ ಅಲ್ಲಿ ಸಲ್ಲುತ್ತವೆ. ಈಚಿನ ಕಾರ್ಡುಗಳಲ್ಲಿ ಮಧ್ಯದ ಬಲಬದಿಯ ಚಿಹ್ನೆಯನ್ನು ನೋಡಿ: ಕಪ್ಪಾದರೆ ಸಾಮಾನ್ಯ, ಬೆಳ್ಳಿಯದಾದರೆ ಅದಕ್ಕಿಂತ ಮೇಲು, ಚಿನ್ನದ ಬಣ್ಣವಾದರೆ ಅಪರೂಪ, ಕಿತ್ತಳೆಗೆಂಪಾದರೆ ಎಲ್ಲಕ್ಕಿಂತ ಅಪರೂಪ. ಅಕ್ಕನ ಮಗನ ಡೆಕ್‌ನಲ್ಲಿ ಚಿನ್ನದ್ದೋ ಕಿತ್ತಳೆಯದೋ ಇದ್ದರೆ, ಮಗಳು ಅದನ್ನು ಶಾಲೆಗೆ ಒಯ್ದು ಅದಲುಬದಲು ಮಾಡುವ ಮೊದಲು ಅವನನ್ನೊಮ್ಮೆ ಕೇಳಿಬಿಡಿ.

ಕೇಳಿದವರು, ಸೋಮವಾರಪೇಟೆ

ಎಲ್ಲರಿಗೂ ವಂದನೆ. ಕಾರ್ಡು ಬಿಚ್ಚಿಟ್ಟು ಆಡಿದೆವು, ನಿಜಕ್ಕೂ ಸುಲಭವಾಯಿತು. ಒಂದು ಜಗಳ ಮಾತ್ರ ಬಗೆಹರಿದಿಲ್ಲ. ಮಗಳು ತನ್ನ ದೊಡ್ಡ ಕ್ರೀಚರ್‌ನಿಂದ ನೇರವಾಗಿ ನನ್ನ ಪುಟ್ಟ ಎಲ್ಫ್ ಮೇಲೆಯೇ ದಾಳಿ ಮಾಡುತ್ತೇನೆ ಎನ್ನುತ್ತಾಳೆ. ಆಗುತ್ತದೆಯೇ? ಇನ್ನೊಂದು, ಏಳು ಕಾರ್ಡಿನಲ್ಲಿ ಒಂದೂ ಲ್ಯಾಂಡ್ ಬಾರದಿದ್ದರೆ ಏನು ಮಾಡುವುದು?

ವಿರಾಜಪೇಟೆಯಿಂದ

ಆಗುವುದಿಲ್ಲ, ಜಗಳದಲ್ಲಿ ನೀವೇ ಗೆದ್ದಿರಿ. ಕ್ರೀಚರ್ ದಾಳಿ ಮಾಡುವುದು ಎದುರಾಳಿಯ ಮೇಲೆ. ಯಾವುದನ್ನು ಅಡ್ಡ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಎಂಬುದು ದಾಳಿಗೊಳಗಾದವರ ಇಷ್ಟ. ಎಲ್ಫ್ ಸುಮ್ಮನೆ ಹಿಂದೆ ನಿಲ್ಲಲಿ, ಏಟನ್ನು ನೀವೇ ತಿನ್ನಿ. ದಾಳಿಗೆ ಹೊರಟ ಕ್ರೀಚರ್ ಟ್ಯಾಪ್ ಆಗುತ್ತದೆ, ಹಾಗಾಗಿ ನಿಮ್ಮ ಮುಂದಿನ ಸರದಿಯಲ್ಲಿ ಅದು ಅವಳನ್ನು ಕಾಯಲಾರದು. ಆಗ ನಿಮ್ಮ ಎಲ್ಫ್ ನುಗ್ಗಲಿ.

ಲ್ಯಾಂಡ್ ಬಾರದಿದ್ದರೆ ಆಟ ಆರಂಭಿಸುವ ಮೊದಲೇ ಏಳನ್ನೂ ಡೆಕ್‌ಗೆ ಸೇರಿಸಿ ಕಲಸಿ, ಮತ್ತೆ ಏಳು ಎಳೆದುಕೊಂಡು, ಅದರಲ್ಲಿ ಬೇಡದ ಒಂದನ್ನು ಡೆಕ್‌ನ ಅಡಿಗೆ ಸೇರಿಸಿ. ಎರಡನೇ ಸಲವೂ ಹಾಗೆಯೇ ಆದರೆ ಮತ್ತೆ ಏಳು ಎಳೆದು ಎರಡನ್ನು ಅಡಿಗಿಡಬೇಕು. ಮನೆಯಲ್ಲಿ ಆಡುವಾಗ ಮೊದಲ ಸಲಕ್ಕೆ ವಿನಾಯಿತಿ ಕೊಟ್ಟುಬಿಡಿ, ಯಾರೂ ಕೇಳುವವರಿಲ್ಲ.