ಟೇಕಡಿ ಮೇಲೆ ಓಡುವಾಗ ತಲೆಯೊಳಗಿನ ಮಾತು ನಿಲ್ಲೋದು ಹೇಗೆ? (ಪುಣೆ)

ಪಾಷಾಣ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಪುಣೆಯ ವೇತಾಳ ಟೇಕಡಿ (ಗುಡ್ಡ) ಮೇಲೆ ಬೆಳಿಗ್ಗೆ ಓಡುತ್ತೇನೆ, ಸುಮಾರು 8 ಕಿಲೋಮೀಟರ್. ಕಾಲು ದಣಿಯುತ್ತದೆ, ತಲೆ ಮಾತ್ರ ಆಫೀಸಿನಲ್ಲೇ ಇರುತ್ತದೆ. ಉಸಿರಿನ ಮೇಲೆ ಗಮನ ಇಡಿ ಅಂತಾರೆ, ಎರಡು ನಿಮಿಷಕ್ಕೆ ಕೈತಪ್ಪಿ ಹೋಗುತ್ತದೆ. ಕೈಯಲ್ಲಿ ಜಿಪಿಎಸ್ ವಾಚ್, ಕಿವಿಯಲ್ಲಿ ಹಾಡು ಇರುತ್ತದೆ. ಮನೆಯಲ್ಲಿ ಕೂತು ಧ್ಯಾನ ಮಾಡಿ ಅನ್ನೋ ಸಲಹೆ ಬೇಡ. ಓಟದೊಳಗೇ ಏನು ಬದಲಾಯಿಸಬಹುದು, ಅಷ್ಟು ಹೇಳಿ.

ಕೊಥ್ರೂಡ್ ಟ್ರೇಲ್:
ಸರ್, ನೀವು ಬರೆದದ್ದು ನೋಡಿದರೆ ಮನಸ್ಸಿಗೆ ಅಲ್ಲಿ ಮಾಡೋಕೆ ಕೆಲಸವೇ ಇಲ್ಲ. ದಾರಿ ಗೊತ್ತಿದೆ, ವೇಗ ಗೊತ್ತಿದೆ, ಹೆಜ್ಜೆಯ ಸದ್ದನ್ನು ಹಾಡು ಮುಚ್ಚಿಹಾಕಿದೆ. ಹಾಗಾಗಿ ಅದು ಆಫೀಸಿಗೆ ಹೋಗುತ್ತದೆ.

ನಿಮಗೆ ಬೇಕಿರುವುದು ಮಾಡುವ ಕೆಲಸದಲ್ಲೇ ಮನಸ್ಸು ಪೂರ್ತಿ ಮುಳುಗುವ ತಲ್ಲೀನ ಸ್ಥಿತಿ. ಅದಕ್ಕೆ ಫ್ಲೋ ಅಂತ ಹೆಸರು ಕೊಟ್ಟವರು ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞ. 1970ರ ದಶಕದಲ್ಲಿ ಬಂಡೆ ಹತ್ತುವವರು, ಚದುರಂಗದವರು, ನರ್ತಕರು, ಶಸ್ತ್ರವೈದ್ಯರು ಇಂಥವರನ್ನೆಲ್ಲ ಕೂರಿಸಿಕೊಂಡು ಕೇಳಿ ತಿಳಿದದ್ದು ಅದು. ಆ ಸ್ಥಿತಿ ಬರೋಕೆ ಮುಂದಿನ ಕ್ಷಣ ಏನು ಮಾಡಬೇಕು ಅನ್ನೋದು ಸ್ಪಷ್ಟ ಇರಬೇಕು, ಮಾಡಿದ್ದು ಸರಿಯೋ ತಪ್ಪೋ ಕೂಡಲೇ ಗೊತ್ತಾಗಬೇಕು, ಕೆಲಸದ ಕಷ್ಟ ನಿಮ್ಮ ಕೈಲಾಗುವುದಕ್ಕಿಂತ ಒಂದು ಕೂದಲೆಳೆ ಮೇಲಿರಬೇಕು. ತೀರಾ ಸುಲಭವಾದರೆ ಬೇಜಾರು, ತೀರಾ ಕಷ್ಟವಾದರೆ ಭಯ. ಈ ಮೂರನ್ನೂ ಓಟದಲ್ಲಿ ನಾವೇ ಹೊಂದಿಸಿಕೊಳ್ಳಬಹುದು.

"8 ಕಿಲೋಮೀಟರ್ ಮುಗಿಸಬೇಕು" ಅನ್ನೋ ಗುರಿ ತುಂಬಾ ದೂರದ್ದು. ಅದರ ಬದಲು, ಮುಂದಿನ ತಿರುವಿನ ತನಕ ಪಾದದ ಸದ್ದು ಆದಷ್ಟು ಕಡಿಮೆ ಆಗಬೇಕು ಅಂತ ಇಟ್ಟುಕೊಳ್ಳಿ. ಹಿಮ್ಮಡಿ ಧಪ್ ಅಂದರೆ ಹೆಜ್ಜೆ ಉದ್ದವಾಯಿತು ಅಂತ ತಕ್ಷಣ ಗೊತ್ತಾಗುತ್ತದೆ, ಗಿಡ್ಡ ಮಾಡಿಕೊಳ್ಳುತ್ತೀರಿ. ಕಿವಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ, ಅದಕ್ಕೇ ಇಯರ್‌ಫೋನ್ ಮನೆಯಲ್ಲಿ ಬಿಡಿ. ಟೇಕಡಿಯಲ್ಲಿ ನಾಯಿ, ವಾಕಿಂಗ್ ಮಾಡುವ ಹಿರಿಯರು ಇರುತ್ತಾರೆ, ಆ ದೃಷ್ಟಿಯಿಂದಲೂ ಕಿವಿ ತೆರೆದಿರಬೇಕು. ಅಗಲ ರಸ್ತೆ ಬಿಟ್ಟು ಕಲ್ಲು ಇರೋ ಕಾಲುದಾರಿ ಹಿಡಿಯಿರಿ. ಪ್ರತಿ ಹೆಜ್ಜೆಗೂ ಜಾಗ ಹುಡುಕಬೇಕಾದಾಗ ನಾಳಿನ ಮೀಟಿಂಗಿಗೆ ಜಾಗ ಉಳಿಯೋದಿಲ್ಲ.

ಕಣ್ಣು ಎಲ್ಲಿಡಬೇಕು ಅನ್ನೋದರಲ್ಲೇ ಹೆಚ್ಚಿನವರು ಎಡವುತ್ತಾರೆ. ಸಮತಟ್ಟಿನಲ್ಲಿ 3–4 ಮೀಟರ್ ಮುಂದೆ ನೋಡಿ, ಇಳಿಜಾರಿನಲ್ಲಿ ವೇಗ ಏರಿದ ಹಾಗೆ ಇನ್ನೂ ಮುಂದೆ. ಬೆರಳ ತುದಿ ನೋಡುತ್ತಾ ಇಳಿದರೆ ಕಲ್ಲು ಕಾಣುವ ಹೊತ್ತಿಗೆ ಕಾಲು ಅಲ್ಲೇ ಇರುತ್ತದೆ. ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಹಿಮ್ಮಡಿ ಊರುತ್ತದೆ, ಬಂಡೆ ಮೇಲಿನ ಒಣ ಗರಸು ಉರುಳಿ ಜಾರುತ್ತೀರಿ. ಮಂಡಿ ಸ್ವಲ್ಪ ಬಗ್ಗಿರಲಿ, ಎದೆ ಒಂಚೂರು ಮುಂದಿರಲಿ, ಹೆಜ್ಜೆ ಗಿಡ್ಡ ಇರಲಿ.

ಉಸಿರಿಗೆ ಎಣಿಕೆ ಜೋಡಿಸಿ: ಮೂರು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಒಟ್ಟು ಐದು ಬೆಸಸಂಖ್ಯೆ ಆದ್ದರಿಂದ ಉಸಿರು ಬಿಡೋ ಶುರು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬರುತ್ತದೆ. ಏರಿನಲ್ಲಿ ಎರಡು-ಎರಡಕ್ಕೆ ಇಳಿಸಿ. ಅದೂ ಸಾಲದೆ ಬಾಯಿ ಬಿಡುವಂತಾದರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ, ನಡೆಯಿರಿ. ಒಂದು ಪೂರ್ತಿ ವಾಕ್ಯ ತಡವರಿಸದೆ ಆಡುವಷ್ಟು ಉಸಿರು ಇರಬೇಕು.

ಮೊದಲ 10–15 ನಿಮಿಷ ಏನನ್ನೂ ನಿರೀಕ್ಷಿಸಬೇಡಿ. ಹೃದಯ, ಉಸಿರು, ಸ್ನಾಯು ಹೊಂದಿಕೊಳ್ಳೋಕೆ ಅಷ್ಟು ಹೊತ್ತು ಬೇಕು, ಆಗ ತಲೆ ಗೊಣಗುವುದು ಸಹಜ. ಆ ಹೊತ್ತಿನಲ್ಲೇ ಬೇಸತ್ತು ವೇಗ ಹೆಚ್ಚಿಸಿದರೆ ಇಡೀ ಓಟ ಕೆಡುತ್ತದೆ.

ವಾಚ್ ರೆಕಾರ್ಡ್ ಮಾಡಲಿ, ಆದರೆ ಆಟೋ ಲ್ಯಾಪ್, ನೋಟಿಫಿಕೇಶನ್ ಎರಡನ್ನೂ ಆಫ್ ಮಾಡಿ, ತೋಳಿನ ಬಟ್ಟೆ ಎಳೆದು ವಾಚನ್ನು ಮುಚ್ಚಿಕೊಳ್ಳಿ. ಪ್ರತಿ ಕಿಲೋಮೀಟರಿಗೂ ಕೈ ಝುಮ್ ಅಂದರೆ ಮನಸ್ಸು ಲೆಕ್ಕಕ್ಕೆ ಕೂರುತ್ತದೆ. ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ಸು ಅನ್ನೋದು ಹಿಂದಿನ ರಾತ್ರಿಯೇ ತೀರ್ಮಾನ ಆಗಿರಲಿ. ಬೆಳಿಗ್ಗೆ ಓಡುವ ಮೊದಲು ಮೇಲ್ ತೆರೆಯಲೇಬೇಡಿ.

ಪಾಷಾಣ್ ಕನ್ನಡಿಗ:
ಧನ್ಯವಾದ ಸರ್. ಇಳಿಯುವಾಗಲೂ ಮೂರು-ಎರಡು ಎಣಿಸಬೇಕಾ?

ಕೊಥ್ರೂಡ್ ಟ್ರೇಲ್:
ಬೇಡ. ಇಳಿಜಾರಿನಲ್ಲಿ ಕಣ್ಣಿಗೇ ಬೇಕಾದಷ್ಟು ಕೆಲಸ ಇದೆ. ಸಮತಟ್ಟಿಗೆ ಬಂದ ಮೇಲೆ ಮತ್ತೆ ಹಿಡಿಯಿರಿ. ನಡುವೆ ಎಣಿಕೆ ತಪ್ಪಿದರೆ ಮುಂದಿನ ಎಡಗಾಲಿನಿಂದ ಹೊಸದಾಗಿ ಶುರು ಮಾಡಿ, ಅಷ್ಟೇ.

ಬೇಸಾಲ್ಟ್ ಬೆರಳು:
ನಾನು ಬಂಡೆ ಹತ್ತುವ ಕಡೆಯಿಂದ ಹೇಳ್ತೀನಿ. ಇಲ್ಲಿ ತಲ್ಲೀನತೆ ಬೇಕೇ ಬೇಕು, ಆದರೆ ನೆಲ ಬಿಡೋ ಮೊದಲಿನ ಪರೀಕ್ಷೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಬಕಲ್, ಹಗ್ಗವನ್ನು ಅದಕ್ಕೆ ಕಟ್ಟುವ ಫಿಗರ್ ಎಯ್ಟ್ ಗಂಟು, ಹಗ್ಗದ ತುದಿ ಸಾಕಷ್ಟು ಉಳಿದಿದೆಯಾ, ಬಿಲೇ ಸಾಧನದಲ್ಲಿ (ಬಿದ್ದರೆ ಹಗ್ಗ ತಡೆಯಲು ಕೆಳಗಿನ ಜೊತೆಗಾರ ಬಳಸುವುದು) ಹಗ್ಗ ಸರಿಯಾದ ದಿಕ್ಕಿಗೆ ಇದೆಯಾ, ಕ್ಯಾರಾಬಿನರ್ (ಲೋಹದ ಕೊಂಡಿ) ಲಾಕ್ ಆಗಿದೆಯಾ, ಇಷ್ಟನ್ನೂ ಜೊತೆಗಾರ ನಿಮ್ಮದನ್ನು, ನೀವು ಅವರದನ್ನು ಕೈಯಲ್ಲಿ ಮುಟ್ಟಿ, ಬಾಯಲ್ಲಿ ಹೇಳಿ ನೋಡಬೇಕು. ನುರಿತವರೇ ಅಭ್ಯಾಸಬಲದಿಂದ ಗಂಟು ಅರ್ಧಕ್ಕೆ ಬಿಡುವುದುಂಟು, ನಡುವೆ ಯಾರೋ ಮಾತಾಡಿಸಿದರೆ ಸಾಕು. ಆ ಪರೀಕ್ಷೆ ಪೂರ್ತಿ ಆದಾಗಲೇ "ಗಂಟು ಸರಿ ಇದೆಯಾ" ಅನ್ನೋ ಅನುಮಾನ ಮೇಲೆ ಕಾಡುವುದಿಲ್ಲ.

ಅಭ್ಯಾಸಕ್ಕೆ ನೀವು ಹತ್ತಬಲ್ಲ ಗರಿಷ್ಠ ಗ್ರೇಡಿಗಿಂತ (ದಾರಿಯ ಕಷ್ಟದ ಮಟ್ಟ) ಎರಡು ಮೆಟ್ಟಿಲು ಕೆಳಗಿನ ದಾರಿ ಆರಿಸಿ, ಟಾಪ್ ರೋಪ್ ಮೇಲೆ, ಅಂದರೆ ಹಗ್ಗ ಮೇಲಿನಿಂದ ಇಳಿಬಿಟ್ಟಿರುವಾಗ. ಒಂದೇ ನಿಯಮ: ಪಾದ ಒಮ್ಮೆ ಇಟ್ಟಮೇಲೆ ಸರಿಪಡಿಸುವಂತಿಲ್ಲ. ಆಗ ಪಾದ ಇಡುವ ಜಾಗವನ್ನು ಕೊನೇ ಕ್ಷಣದವರೆಗೂ ಕಣ್ಣು ಬಿಡೋದಿಲ್ಲ. ಇಲ್ಲಿ ಕೆಡುವುದು ಸಾಮಾನ್ಯವಾಗಿ ಹಿಡಿತ. ಹೆದರಿಕೆಗೆ ಉಸಿರು ಕಟ್ಟುತ್ತದೆ, ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗಿ ಹಿಡಿಯುತ್ತೇವೆ, ಮುಂಗೈ ಊದಿಕೊಂಡು ಬೆರಳು ತಾನಾಗಿ ತೆರೆಯುತ್ತದೆ. ಪ್ರತಿ ಕಷ್ಟದ ಚಲನೆಗೆ ಮೊದಲು ಒಂದು ಉದ್ದ ಉಸಿರು ಹೊರಗೆ ಬಿಡಿ. ನಿಲ್ಲೋ ಜಾಗದಲ್ಲಿ ತೋಳು ನೇರ ಮಾಡಿ ಎಲುಬಿನ ಮೇಲೆ ತೂಗಿ, ಒಂದೊಂದೇ ಕೈ ಕೆಳಗೆ ಬಿಟ್ಟು ಒದರಿ.

ಸಹ್ಯಾದ್ರಿಯ ಬೇಸಾಲ್ಟಿನಲ್ಲಿ (ಕಪ್ಪು ಅಗ್ನಿಶಿಲೆ) ಸಡಿಲ ಕಲ್ಲು ಹೆಚ್ಚು. ಎಳೆಯುವ ಮೊದಲು ಅಂಗೈಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅದನ್ನು ಬಿಟ್ಟುಬಿಡಿ. ಕೆಳಗಿನವರಿಗೂ ನಿಮಗೂ ಹೆಲ್ಮೆಟ್ ಇರಲೇಬೇಕು.

ವಿಜಯಪುರದ ಸೈಕಲ್:
ಸೈಕಲ್‌ನ್ಯಾಗ ಇದು ಇನ್ನೂ ಸೂಕ್ಷ್ಮ ಅದ ನೋಡ್ರಿ. ಚೈನ್ ಕಿರ್ ಅಂದ್ರ ಮನಸ್ಸು ಇಡೀ ದಾರಿ ಅಲ್ಲೇ ಇರ್ತದ. ಅದಕ್ಕ ಹಿಂದಿನ ದಿನಾನ ಚೈನ್ ಅರಿವಿಯಿಂದ ಒರಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣಿ ಹಾಕಿ, ಹತ್ತು ನಿಮಿಷ ಬಿಟ್ಟು ಮ್ಯಾಲಿನ ಎಣ್ಣಿ ಒರಸಿ ತಗೀರಿ. ಸೀಟಿನ ಎತ್ತರ ನೋಡ್ರಿ: ಪೆಡಲ್ ಕೆಳಗ ಇದ್ದಾಗ ಹಿಮ್ಮಡಿ ಅದರ ಮ್ಯಾಲಿಟ್ರ ಕಾಲು ನೆಟ್ಟಗಾಗಬೇಕು. ಮುಂಗಾಲಿಟ್ಟು ತುಳಿಯುವಾಗ ಮಂಡಿ ಬೇಕಾದಷ್ಟು ಬಾಗ್ತದ. ಸೀಟ್ ತಗ್ಗಿತ್ತಂದ್ರ ಮಂಡಿ ಮುಂದ ನೋವು, ಎತ್ತರ ಆತಂದ್ರ ಸೊಂಟ ಅತ್ತಿತ್ತ ಆಡ್ತದ.

ಊರೊಳಗಿನ ಟ್ರಾಫಿಕ್‌ನ್ಯಾಗ ತಲ್ಲೀನ ಆಗೋ ಮಾತೇ ಬ್ಯಾಡ್ರಿ, ಅಲ್ಲಿ ಎಚ್ಚರ ಒಂದೇ ಸಾಕು. ಸಿಂಹಗಡದ ಘಾಟಿಗೆ ಹೋಗೋದಿದ್ರ ಶನಿವಾರ, ಭಾನುವಾರ ಬಿಟ್ಟು ಹೋಗ್ರಿ, ಇಲ್ಲಾಂದ್ರ ಗಾಡಿಗಳ ಸಾಲಿನ್ಯಾಗ ಸಿಕ್ಕಿಬೀಳ್ತೀರಿ. ಏರುವಾಗ ಹಗುರ ಗೇರಿನ್ಯಾಗ ತುಳಿಯೋ ಲಯ ಒಂದೇ ಸಮ ಇಟ್ಕೋರಿ. ಇಳಿಯುವಾಗ ತಿರುವು ಬರೂಕ ಮೊದಲ ಬ್ರೇಕ್ ಮುಗಿಸಿ, ಕಣ್ಣು ತಿರುವು ಮುಗಿಯೋ ಕಡೆ ಇಡ್ರಿ. ಗುಂಡಿ ನೋಡ್ಕೋತ ಹೋದ್ರ ಸೈಕಲ್ ಗುಂಡಿಗೇ ಹೋಗ್ತದ. ಮಳಿಗಾಲದಾಗ ಆ ಘಾಟಿನ್ಯಾಗ ಗುಡ್ಡ ಕುಸೀತದ, ರಸ್ತಾ ಬಂದ್ ಅದನೋ ಚಾಲೂ ಅದನೋ ಮೊದಲ ತಿಳ್ಕೋರಿ.

ಬಾಣೇರ್ ಅಡುಗೆಮನೆ:
ಎಲ್ಲರೂ ತಂತ್ರ ಹೇಳಿದ್ದೀರಿ, ಹೊಟ್ಟೆ ಬಿಟ್ಟುಹೋಯ್ತು. ಒಂದು ಗಂಟೆ ದಾಟಿದ ಮೇಲೆ ಸುಮ್ಮಸುಮ್ಮನೆ ಸಿಟ್ಟು ಬರೋದು, ಕೆಟ್ಟ ಯೋಚನೆ ಸುತ್ತೋದು ಎಷ್ಟೋ ಸಲ ಬರೀ ಹಸಿವು. ಒಂದೂವರೆ ಗಂಟೆಗಿಂತ ಉದ್ದದ ಓಟ, ಸವಾರಿ ಇದ್ದರೆ ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರವೂ ಆಗುತ್ತದೆ. ಚಿಕ್ಕಿ ಬೇಡ, ಓಡುತ್ತಾ ಅಗಿಯೋಕೆ ಕಷ್ಟ, ಶೇಂಗಾದ ಕೊಬ್ಬು ಹೊಟ್ಟೆಯಲ್ಲಿ ಕೂರುತ್ತದೆ. ನೀರು ಗಂಟೆಗೆ 400–600 ಮಿಲಿ, ಗುಟುಕು ಗುಟುಕಾಗಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಅದರೊಳಗೆ ಒಂದು ಚಿಟಿಕೆ ಉಪ್ಪು.

ಇನ್ನೊಂದು ಮಾತು. ಓಟದ ಹೊರಗೂ ತಲೆ ಸುಮ್ಮನಾಗದೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ ಅದನ್ನು ಓಟದಿಂದ ಸರಿಪಡಿಸಲು ಹೋಗಬೇಡಿ, ಡಾಕ್ಟರನ್ನು ಕಾಣಿ.

ಪಾಷಾಣ್ ಕನ್ನಡಿಗ:
ನಿದ್ದೆ ಚೆನ್ನಾಗಿದೆ ಮೇಡಂ, ಕೇಳಿದ್ದಕ್ಕೆ ಖುಷಿಯಾಯ್ತು. ಕೊಥ್ರೂಡ್ ಸರ್, ಇದನ್ನೆಲ್ಲ ಒಟ್ಟಿಗೇ ಶುರು ಮಾಡಲಾ?

ಕೊಥ್ರೂಡ್ ಟ್ರೇಲ್:
ಒಟ್ಟಿಗೆ ಬೇಡ, ಆರು ವಿಷಯ ನೆನಪಿಡುವುದೇ ಇನ್ನೊಂದು ಗಲಾಟೆ ಆಗುತ್ತದೆ. ಮೊದಲ ವಾರ ಹಾಡು ಬಿಟ್ಟು, ವಾಚ್ ಮುಚ್ಚಿಕೊಂಡು ಹೆಜ್ಜೆಯ ಸದ್ದು ಮಾತ್ರ ಕೇಳಿ. ಎರಡನೇ ವಾರ ಕಾಲುದಾರಿಗೆ ಇಳಿದು ಕಣ್ಣಿನ ಅಭ್ಯಾಸ ಮಾಡಿ. ಉಸಿರಿನ ಎಣಿಕೆ ಮೂರನೇ ವಾರಕ್ಕೆ, ಅದೂ ಸಮತಟ್ಟಿನಲ್ಲಿ ಮಾತ್ರ. ಮಳೆ ಶುರುವಾದ ಮೇಲೆ ಹಾಸುಬಂಡೆ ಮೇಲೆ ಪಾಚಿ ಕಟ್ಟುತ್ತದೆ, ಆಗ ಅಟ್ಟೆಯಲ್ಲಿ 4–5 ಮಿಲಿಮೀಟರ್ ಹಲ್ಲಿರುವ ಟ್ರೇಲ್ ಶೂ ಹಾಕಿ. ಅದೂ ಕೆಸರಿಗೆ ಹಿಡಿಯುತ್ತದೆಯೇ ಹೊರತು ಪಾಚಿಗೆ ಹಿಡಿಯೋದಿಲ್ಲ, ಹಾಸುಬಂಡೆ ಬಂದಲ್ಲಿ ನಡೆದು ದಾಟಿ.