ಕಾಯಿಸಿದ ಜಿಯೋಲೈಟ್ ಅಮೋನಿಯಾ ಹಿಡಿಯುತ್ತಿಲ್ಲ, ಯಾಕೆ? (ಖನಿಜ ತಜ್ಞೆಯೊಂದಿಗೆ ಪ್ರಶ್ನೋತ್ತರ)

ಪ್ರವೀಣ: ಅಮೋನಿಯಾ ಹಿಡಿಯಲು ಜಿಯೋಲೈಟ್ (ಸೂಕ್ಷ್ಮ ನಾಳಗಳಲ್ಲಿ ನೀರು, ಅಯಾನು ಹಿಡಿದಿಡುವ ಖನಿಜ) ತಂದೆ. ಚೀಲದ ಮೇಲೆ 'ಕ್ಲಿನೊಪ್ಟಿಲೊಲೈಟ್' (ಅದರಲ್ಲೇ ಒಂದು ಬಗೆ) ಅಂತ ಚೀಟಿ ಇದೆ, ಮಾಲು ನಾಸಿಕ್ ಕಡೆಯ ಕ್ವಾರಿಯದು. 2 ಮಿ.ಮೀ. ಜರಡಿ ಹಿಡಿದು, ಕ್ರೂಸಿಬಲ್ (ಬಿಸಿ ತಾಳುವ ಬಟ್ಟಲು) ತುಂಬಿಸಿ, ಮುಚ್ಚಳ ಹಾಕಿ, ಮಫಲ್ ಫರ್ನೇಸಿನಲ್ಲಿ (ಪ್ರಯೋಗಾಲಯದ ಕುಲುಮೆ) ನೇರ 450 ಡಿಗ್ರಿಗೆ 8 ತಾಸು ಇಟ್ಟೆ. ಈಗ ಅಮೋನಿಯಾ ಹಿಡಿಯುವ ಶಕ್ತಿ ಮೊದಲಿನ ಐದನೇ ಒಂದು ಭಾಗವೂ ಇಲ್ಲ. ಕಾಯಿಸದ ಮಾಲಿನಲ್ಲಿ ಮುತ್ತಿನ ಹೊಳಪಿನ ಚಪ್ಪಟೆ ನಸುಗುಲಾಬಿ ಚೂರುಗಳಿವೆ.

ತಜ್ಞೆ: ಅನುಮಾನ ಇರುವುದೇ ಆ ಚೂರುಗಳ ಮೇಲೆ. ದಖನ್ ಬಸಾಲ್ಟಿನ (ಲಾವಾ ಆರಿ ಆದ ಕರಿಕಲ್ಲು) ಪೊಳ್ಳುಗಳಲ್ಲಿ ಬರಿಗಣ್ಣಿಗೆ ಕಾಣುವ ಚಪ್ಪಟೆ ಹರಳು ಸಾಮಾನ್ಯವಾಗಿ ಹ್ಯೂಲಂಡೈಟ್, ಇಲ್ಲವೇ ಸ್ಟಿಲ್ಬೈಟ್ ಎಂಬ ಬೇರೆ ಬಗೆಯ ಜಿಯೋಲೈಟ್. ಮಾರಾಟಕ್ಕೆ ಬರುವ ಕ್ಲಿನೊ (ಕ್ಲಿನೊಪ್ಟಿಲೊಲೈಟ್) ಬಹುಪಾಲು ಜ್ವಾಲಾಮುಖಿ ಬೂದಿ ಗಟ್ಟಿಯಾದ ಟಫ್ ಕಲ್ಲಿನದು. ಅದರ ಹರಳು ನೋಡಲು ಸೂಕ್ಷ್ಮದರ್ಶಕವೇ ಬೇಕು.

ಹ್ಯೂಲಂಡೈಟ್, ಕ್ಲಿನೊ ಎರಡರ ಚೌಕಟ್ಟೂ (ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್ ಹೆಣೆದುಕೊಂಡ ಜಾಲ) ಒಂದೇ. ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ 4ಕ್ಕಿಂತ ಕಡಿಮೆಯಿದ್ದರೆ ಹ್ಯೂಲಂಡೈಟ್, 4 ಅಥವಾ ಹೆಚ್ಚಿದ್ದರೆ ಕ್ಲಿನೊ. ಕಾಯಿಸಿದಾಗ ದಾರಿ ಬೇರೆಯಾಗುತ್ತದೆ. ಹ್ಯೂಲಂಡೈಟಿನ ನಾಳಗಳಲ್ಲಿ ಹೆಚ್ಚಾಗಿ ಕ್ಯಾಲ್ಸಿಯಂ ಇರುತ್ತದೆ, ಅದಕ್ಕೆ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ನೀರು ಬಿಟ್ಟುಹೋದಾಗ ಕ್ಯಾಲ್ಸಿಯಂ ಚೌಕಟ್ಟಿನ ಆಕ್ಸಿಜನ್ನನ್ನೇ ತನ್ನತ್ತ ಸೆಳೆಯುತ್ತದೆ. 250 ಡಿಗ್ರಿಯ ಆಸುಪಾಸಿನಲ್ಲಿ ಚೌಕಟ್ಟು ಕುಗ್ಗಿ, ಕೆಲವು ಕೊಂಡಿ ಕಳಚಿ ಬೇರೆ ಕಡೆ ಬೆಸೆದುಕೊಳ್ಳುತ್ತವೆ. 450ರಲ್ಲಿ ರಾತ್ರಿಯಿಡೀ ಇಟ್ಟರೆ ಹರಳಿನ ಕ್ರಮವೇ ಅಳಿಸಿಹೋಗುತ್ತದೆ, ಆಮೇಲೆ ನೀರಲ್ಲಿ ನೆನೆಹಾಕಿದರೂ ವಾಪಸು ಬರುವುದಿಲ್ಲ. ಕ್ಲಿನೊದಲ್ಲಿ ಅಲ್ಯೂಮಿನಿಯಂ ಕಡಿಮೆ, ಸೋಡಿಯಂ-ಪೊಟ್ಯಾಸಿಯಂ ಜಾಸ್ತಿ. ಪೊಟ್ಯಾಸಿಯಂ ಅಯಾನು ದಪ್ಪ, ನೀರಿಲ್ಲದೆಯೂ ನಾಳ ಕುಸಿಯದಂತೆ ಆನಿಸಿ ಹಿಡಿಯುತ್ತದೆ. ಅದಕ್ಕೇ ಕ್ಲಿನೊ 700ರ ಹತ್ತಿರದವರೆಗೂ ತಾಳುತ್ತದೆ. ಹ್ಯೂಲಂಡೈಟಿಗೇ ಪೊಟ್ಯಾಸಿಯಂ ತುಂಬಿಸಿದರೆ ಅದೂ ತಾಳುತ್ತದೆ.

ಎರಡನೇ ತೊಂದರೆ ಮುಚ್ಚಳ. ತುಂಬಿದ ಕ್ರೂಸಿಬಲ್ ಒಳಗೆ ಮಾಲು ತನ್ನದೇ ಹಬೆಯಲ್ಲಿ ಬೇಯುತ್ತದೆ. ಬಿಸಿ ಹಬೆ ಚೌಕಟ್ಟಿನಿಂದ ಅಲ್ಯೂಮಿನಿಯಂ ಕೀಳುತ್ತದೆ. ಅಮೋನಿಯಂ (ನೀರಿನಲ್ಲಿ ಅಮೋನಿಯಾದ ಅಯಾನು ರೂಪ) ಹಿಡಿಯುವ ಜಾಗಗಳಿರುವುದು ಆ ಅಲ್ಯೂಮಿನಿಯಂನಿಂದಲೇ.

ಕಾಯಿಸದ ಮಾಲು 2 ಗ್ರಾಂನಂತೆ ಮೂರು ಪಾಲು ಮಾಡಿ. ಒಂದನ್ನು ಹಾಗೇ ಬಿಡಿ, ಒಂದನ್ನು 250ಕ್ಕೆ, ಇನ್ನೊಂದನ್ನು 450ಕ್ಕೆ ತೆಳ್ಳಗೆ ಹರಡಿ, ಮುಚ್ಚದೆ, ರಾತ್ರಿಯಿಡೀ ಇಡಿ. ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿ ತೂಗಿ. ಆಮೇಲೆ ತಳದಲ್ಲಿ ಕರಗದೆ ಉಪ್ಪು ಉಳಿಯುವಷ್ಟು ಗಾಢ ಉಪ್ಪುನೀರಿಟ್ಟ ಡಬ್ಬಿಯಲ್ಲಿ ಮೂರು ದಿನ ಮುಚ್ಚಿಟ್ಟು ಮತ್ತೆ ತೂಗಿ. ಕಳೆದ ತೂಕ ತಿರುಗಿ ಬಂದರೆ ಚೌಕಟ್ಟು ಇದೆ ಎಂದರ್ಥ. ಎಕ್ಸ್‌ಆರ್‌ಡಿ (ಹರಳಿನ ಕ್ರಮ ತೋರಿಸುವ ಎಕ್ಸ್-ಕಿರಣ ಪರೀಕ್ಷೆ) ಸಿಕ್ಕರೆ ತಾಮ್ರದ ಟ್ಯೂಬಿನಲ್ಲಿ 9.8-9.9 ಡಿಗ್ರಿ ಕೋನದ ಶಿಖರ ನೋಡಿ. 450ರ ಪಾಲಿನಲ್ಲಿ ಅದು ಗಟ್ಟಿಯಾಗಿ ನಿಂತಿದ್ದರೆ ಕ್ಲಿನೊ, ಮಾಯವಾಗಿದ್ದರೆ ಹ್ಯೂಲಂಡೈಟ್. ನಡುವಿನ ಬಗೆಗಳೂ ಇವೆ, ಅವುಗಳಿಗೆ ರಾಸಾಯನಿಕ ವಿಶ್ಲೇಷಣೆ ಬೇಕೇ ಬೇಕು.

ಮಹಾಂತೇಶ: ಲಾವಾದಾಗ ಸಾವಿರ ಡಿಗ್ರಿ ಮ್ಯಾಲೆ ಹುಟ್ಟಿದ ಕಲ್ಲಿಗೆ 450 ಯಾವ ಲೆಕ್ಕ?

ಇಕ್ಬಾಲ್: ಲಾವಾದಲ್ಲಿ ಹುಟ್ಟಿದ್ದಲ್ಲ. ಲಾವಾ ಆರಿದ ಮೇಲೆ ಗಾಳಿಗುಳ್ಳೆಯ ಪೊಳ್ಳುಗಳಿಗೆ ಇಳಿದ ಬಿಸಿನೀರಿನಲ್ಲಿ ಬೆಳೆದದ್ದು.

ಮಹಾಂತೇಶ: ನಮ್ಮ ವಿಜಯಪುರ ಕಡಿ ಕರಿಕಲ್ಲು ಒಡದ್ರ ನಟ್ಟನಡುವ ಬಿಳಿ ಕಲ್ಲು ಇರತೈತಿ. ನೀರು ಅಲ್ಲಿಗೆ ಹ್ಯಾಂಗ ಹೋತು?

ಇಕ್ಬಾಲ್: ಬಿರುಕಿನಿಂದ. ನಿಮ್ಮ ಬಾವಿಗೆ ನೀರು ಬರುವ ದಾರಿಯಲ್ಲೇ.

ಮಹಾಂತೇಶ: ಪುಸ್ತಕದ ಮಾತು ಬ್ಯಾಡ.

ಗೀತಾ: ಸ್ಕೋಲೆಸೈಟ್ ಎಂಬ ಜಿಯೋಲೈಟಿನ ಸೂಜಿಹರಳು ಜ್ವಾಲೆಗೆ ಹಿಡಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಒಂದು ಪಕ್ಕ ಮೊದಲು ನೀರು ಬಿಡುವುದರಿಂದಲೇ?

ವಿನಯ್: ಮೇಡಂ, ಎಷ್ಟು ಡಿಗ್ರಿಗೆ ಕಾಯಿಸಬೇಕು?

ತಜ್ಞೆ: ಯಾವ ಖನಿಜ, ಯಾವ ಕೆಲಸಕ್ಕೆ? ಅಮೋನಿಯಾಕ್ಕಾದರೆ ಕಾಯಿಸುವ ಅಗತ್ಯವೇ ಇಲ್ಲ, 105ರಲ್ಲಿ ಒಣಗಿಸಿದರೆ ಸಾಕು. ಗಾಳಿಯ ತೇವ ಹೀರಲು ಕ್ಲಿನೊ ಆದರೆ 300-350. ಪದರ 1 ಸೆಂ.ಮೀ. ಒಳಗಿರಲಿ, ನಿಮಿಷಕ್ಕೆ 2-3 ಡಿಗ್ರಿಯಂತೆ ಏರಿಸಿ, 110ರಲ್ಲಿ ಒಂದು ತಾಸು ನಿಲ್ಲಿಸಿ.

ಶೈಲಜಾ: ಗಾಜಿನ ಕಪಾಟಿನಲ್ಲಿಟ್ಟ ಲೊಮೊಂಟೈಟ್ (ಇನ್ನೊಂದು ಜಿಯೋಲೈಟ್) ತಾನಾಗಿ ಪುಡಿಯಾಗುತ್ತಿದೆ. ಒಳಗೆ ದೀಪ ಇದೆ.

ತಜ್ಞೆ: ದೀಪ ತೆಗೆಯಿರಿ. ಅದಕ್ಕೆ ಒಲೆ ಬೇಡ, ಒಣ ಗಾಳಿಯೇ ಸಾಕು. ಕೋಣೆಯ ಉಷ್ಣತೆಯಲ್ಲೇ ನೀರಿನ ಒಂದು ಪಾಲು ಬಿಟ್ಟು, ಹರಳು ಕುಗ್ಗಿ ಸೀಳುತ್ತದೆ. ಬಿಗಿ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಇಡಿ. ಪುಡಿಯಾದದ್ದು ನೀರು ತಿರುಗಿ ಹೀರುತ್ತದೆ, ಹರಳಾಗಿ ಕೂಡಿಕೊಳ್ಳುವುದಿಲ್ಲ.

ವಿನಯ್: ಅಕ್ವೇರಿಯಂನಲ್ಲಿ ಬಳಸಿದ ಜಿಯೋಲೈಟನ್ನು ಮೈಕ್ರೋವೇವಿನಲ್ಲಿ ಹೊಸದು ಮಾಡಬಹುದಂತೆ?

ತಜ್ಞೆ: ಬೇಡ. ಬಿಸಿಯಾದಷ್ಟೂ ಇನ್ನಷ್ಟು ಅಲೆ ಹೀರಿ ಒಂದೇ ಜಾಗ ಕೆಂಪಗೆ ಕಾಯಬಹುದು, ಅಮೋನಿಯಾ ಅಡುಗೆಮನೆಗೆ ಬಿಡುತ್ತದೆ. ಶೇ. 3-5ರ ಉಪ್ಪುನೀರಿನಲ್ಲಿ ಒಂದು ದಿನ ನೆನೆಸಿ, ಚೆನ್ನಾಗಿ ತೊಳೆಯಿರಿ.

ಸುಮಾ: ಫಾರ್ವರ್ಡ್ ಬಂದಿದೆ: 'ಜಿಯೋಲೈಟ್ ಪುಡಿ 600 ಡಿಗ್ರಿಗೆ ಸುಟ್ಟರೆ ವಿಷ ಹೋಗುತ್ತೆ, ದಿನಾ ಒಂದು ಚಮಚ ಕುಡಿದರೆ ಮೈಯ ಸೀಸ ಹೊರಗೆ ಬರುತ್ತೆ.' ನಿಜವೇ?

ತಜ್ಞೆ: ಸುಳ್ಳು. ಪುಡಿಯಲ್ಲೇ ಸೀಸ ಇದ್ದರೆ 600ಕ್ಕೆ ಅದು ಹಾರಿಹೋಗುವುದಿಲ್ಲ. ಕುಸಿದ ಚೌಕಟ್ಟು ಆಮ್ಲದಲ್ಲಿ ಏನು ಬಿಡುತ್ತದೋ ಅದನ್ನು ನಿಮ್ಮ ಹೊಟ್ಟೆಯಲ್ಲಿ ಪರೀಕ್ಷೆ ಮಾಡಬೇಡಿ. ಪುಡಿ ಮಾಡುವಾಗಿನ ಧೂಳು ಇನ್ನೊಂದು ಅಪಾಯ. ಎರಿಯೊನೈಟ್ ಎಂಬ ನಾರಿನಂಥ ಜಿಯೋಲೈಟ್ ಇದೆ. ಟರ್ಕಿಯ ಕಪಡೋಕಿಯಾದ ಕರೈನ್, ತುಜ್‌ಕೊಯ್ ಹಳ್ಳಿಗಳಲ್ಲಿ ಅದರ ಧೂಳಿನಿಂದಲೇ ಎದೆಗೂಡಿನ ಒಳಪೊರೆಯ ಕ್ಯಾನ್ಸರ್ ಹಬ್ಬಿತ್ತು. ಚೀಟಿ ನಂಬಿ ಯಾವ ಕಲ್ಲನ್ನೂ ಅರೆದು ಉಸಿರಾಡಬೇಡಿ.

ಮಹಾಂತೇಶ: ಎಲ್ಲಾದಕ್ಕೂ ಕ್ಯಾನ್ಸರ್ ಅಂತ ಹೆದರಿಸೂದು.

ಇಕ್ಬಾಲ್: ನೀವು ಮೇಲಿನದು ಓದಿದಿರಾ, ಸುಮ್ಮನೆ ಟೈಪ್ ಮಾಡ್ತೀರಾ?

ರಮೇಶ: ಎಷ್ಟು ಡಿಗ್ರಿಗೆ ಕಾಯಿಸಬೇಕು ಮೇಡಂ?

ತಜ್ಞೆ: ಮೇಲೆ ಬರೆದಿದ್ದೇನೆ.

ಗೀತಾ: ಸ್ಕೋಲೆಸೈಟ್ ಬಗ್ಗೆ ಕೇಳಿದ್ದೆ...

ಮಹಾಂತೇಶ: ಅಪೋಫಿಲೈಟೂ ಜಿಯೋಲೈಟೇ, ನನ್ನ ಹತ್ರ ಐತಿ, ಕಾಸಿದ್ರೂ ಏನೂ ಆಗಂಗಿಲ್ಲ.

ತಜ್ಞೆ: ಅಪೋಫಿಲೈಟ್ ಜಿಯೋಲೈಟ್ ಅಲ್ಲ, ಪದರ ಸಿಲಿಕೇಟ್. ಕಾಯಿಸಿದರೆ ಎಲೆಎಲೆಯಾಗಿ ಬಿಡುತ್ತದೆ. ಏನೂ ಆಗಿಲ್ಲವೆಂದರೆ ನಿಮ್ಮದು ಸಾಕಷ್ಟು ಕಾದಿಲ್ಲ.

ಪ್ರವೀಣ: ತೂಕ ನೋಡಿದೆ. 250ರ ಪಾಲು ಕಳೆದದ್ದರಲ್ಲಿ ಅರ್ಧದಷ್ಟು ವಾಪಸು ಪಡೆಯಿತು. 450ರದ್ದು ಹೆಚ್ಚುಕಮ್ಮಿ ಏನೂ ಇಲ್ಲ. ಎಕ್ಸ್‌ಆರ್‌ಡಿ ಮುಂದಿನ ವಾರ.

ತಜ್ಞೆ: ಮುಚ್ಚಳವಿಲ್ಲದೆ, ತೆಳ್ಳಗೆ ಹರಡಿಯೂ ಹೀಗಾಗಿದ್ದರೆ ತಪ್ಪು ಹಬೆಯದೊಂದೇ ಅಲ್ಲ, ಮಾಲಿನದು. 250ರ ಪಾಲಿನಲ್ಲಿ 9.9ರ ಶಿಖರ 10.6ರ ಕಡೆ ಸರಿದಿದೆಯೇ ನೋಡಿ, ಸರಿದಿದ್ದರೆ ಹ್ಯೂಲಂಡೈಟೇ. ಮಿಕ್ಕ ಚೀಲವನ್ನು ಕಾಯಿಸಬೇಡಿ. ತೊಳೆದು, 105ರಲ್ಲಿ ಒಣಗಿಸಿ ಬಳಸಿ. ಅಮೋನಿಯಂ ಒಂದಷ್ಟು ಹಿಡಿಯುತ್ತದೆ, ಚೀಟಿಯಲ್ಲಿ ಬರೆದಷ್ಟು ನಿರೀಕ್ಷಿಸಬೇಡಿ.