ಅಪ್ಪನಿಗೆ ಹಳೇ ಕೌಬಾಯ್ ಸಿನಿಮಾ ತೋರಿಸಬೇಕು: ಪ್ರೊಜೆಕ್ಟರಾ, ಟಿವಿನಾ, ಡಿಸ್ಕಾ? ಅನುಭವ ಹೇಳಿ

ತೀರ್ಥಹಳ್ಳಿ_ಹುಡುಗ:
ಅಪ್ಪನಿಗೆ 71. ಬೆಂಗಳೂರಲ್ಲಿ ಓದುವಾಗ ಪ್ಲಾಜಾ, ರೆಕ್ಸ್ ಅಂತ ತಿರುಗಿ ಕೌಬಾಯ್ ಸಿನಿಮಾ ಒಂದನ್ನೂ ಬಿಟ್ಟವರಲ್ಲ. ಮೆಕೆನ್ನಾಸ್ ಗೋಲ್ಡ್ ಐದು ಸಲ ನೋಡಿದ್ದಾರಂತೆ. ಈಗ ಊರಲ್ಲೇ ಇದ್ದಾರೆ, ಹೊತ್ತು ಹೋಗೋದಿಲ್ಲ. ಬಜೆಟ್ 40 ಸಾವಿರ. ಕಿವಿ ಸ್ವಲ್ಪ ಮಂದ, ಆ ಇಂಗ್ಲಿಷ್ ಹಿಡಿಯೋದು ಕಷ್ಟ. ಏನು ತಗೊಳ್ಳಲಿ? ಮಾಡಿ ನೋಡಿದವರು ಹೇಳಿ.

ಹಳೇ_ರೀಲು:
ಪ್ರೊಜೆಕ್ಟರ್ ಮಾತ್ರ ಬೇಡ. ನಾನು 2019ರಲ್ಲಿ ಲ್ಯಾಂಪಿನದು ತಗೊಂಡೆ, 46,500. ಪರದೆ 6,200. ತೂಗುಹಾಕುವ ಸ್ಟ್ಯಾಂಡ್ 1,850. ಅದನ್ನು ತೊಲೆಗೆ ಕೂರಿಸಲು ಬಂದವನು 700 ತಗೊಂಡು ಎರಡು ಹೆಂಚು ಒಡೆದು ಹೋದ. ಡಬ್ಬಿ ಮೇಲೆ ಲ್ಯಾಂಪ್ 4,000 ಗಂಟೆ ಅಂತಿತ್ತು, 610 ಗಂಟೆಗೆ ಠುಸ್. ಕರೆಂಟ್ ಹೋದರೆ ಒಳಗಿನ ಫ್ಯಾನೂ ನಿಲ್ಲುತ್ತದೆ, ಕೆಂಡದ ಹಾಗೆ ಕಾದ ಲ್ಯಾಂಪಿಗೆ ಗಾಳಿ ಇಲ್ಲ, ನಮ್ಮೂರಲ್ಲಿ ಮಳೆಗಾಲದಲ್ಲಿ ಸಂಜೆಗೆ ನಾಲ್ಕು ಸಲ ಹೋಗುತ್ತದೆ, ಲೆಕ್ಕ ಹಾಕಿ. ಹೊಸ ಲ್ಯಾಂಪ್ 11,400. ಆಮೇಲೆ ಯುಪಿಎಸ್ 5,300. ಮೊದಲೇ ತಗೊಳ್ಳಬೇಕಿತ್ತು, ಗೊತ್ತು, ಹೆಂಡತಿ ದಿನಾ ಹೇಳುತ್ತಾಳೆ. ಒಟ್ಟು 71,950, ಹೆಂಚು ಬೇರೆ.

ಎರಡನೇ ಆಷಾಢಕ್ಕೆ ಲೆನ್ಸಿನೊಳಗೆ ಬೂಷ್ಟು. ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್ ಶುರುವಿನಲ್ಲಿ ಸ್ಟೇಷನ್ನಿನಲ್ಲಿ ಕಾಯುವವನ ಮುಖದ ಮೇಲೆ ನೊಣ ಓಡಾಡುತ್ತದಲ್ಲ, ಅದರಲ್ಲಿ ನೊಣ ಯಾವುದು, ಬೂಷ್ಟು ಯಾವುದು ಅಂತ ನಮಗೆ ಗೊತ್ತಾಗಲಿಲ್ಲ.

ಕುದುರೆ_ಧೂಳು:
ಯುಪಿಎಸ್ ಇಲ್ಲದೆ ಲ್ಯಾಂಪ್ ಉರಿಸಿದ್ದು ನಿಮ್ಮ ತಪ್ಪು, ಪ್ರೊಜೆಕ್ಟರಿನದ್ದಲ್ಲ.

ನನ್ನದು ಡಿಸ್ಕಿನ ದಾರಿ, 14 ವರ್ಷ ಆಯಿತು, 213 ಡಿಸ್ಕ್. ಮೊದಲ ಪೆಟ್ಟು ರೀಜನ್, ಅಂದರೆ ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡದ ಹಾಗೆ ಹಾಕಿದ ಬೀಗ. ಬ್ಲೂರೇಯಲ್ಲಿ ಅಮೆರಿಕದ್ದು ಎ, ಯೂರೋಪಿನದ್ದು ಬಿ, ನಮ್ಮದು ಸಿ. ಭಾವಮೈದುನ ಡಲ್ಲಾಸಿನಿಂದ ಒಂಬತ್ತು ಹೊತ್ತು ತಂದ, ಐದು ಓಡಲಿಲ್ಲ. ಎಲ್ಲ ರೀಜನ್ ಓಡಿಸುವ ಪ್ಲೇಯರ್ ತರಿಸಿದೆ, ಕೊರಿಯರ್, ಸುಂಕ ಸೇರಿ 27,300. ಬ್ಲೂರೇಗಿಂತ ಸ್ಪಷ್ಟ ಚಿತ್ರದ 4ಕೆ ಡಿಸ್ಕಿಗೆ ಈ ಗೋಳಿಲ್ಲ ಅಂತ ಈಗ ಎಲ್ಲರೂ ಬುದ್ಧಿ ಹೇಳುತ್ತಾರೆ, ಆಗ 4ಕೆ ಎಲ್ಲಿತ್ತು?

'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ' ಸಿನಿಮಾ, ನಮ್ಮ ಬಾಯಲ್ಲಿ ಗುಡ್ ಬ್ಯಾಡ್ ಅಗ್ಲಿ, ನಾಲ್ಕು ಸಲ ಕೊಂಡಿದ್ದೇನೆ. ನಗಬೇಡಿ. ಅಮೆರಿಕದಲ್ಲಿ ಬಿಡುಗಡೆ ಆಗಿದ್ದು 161 ನಿಮಿಷ. ಕತ್ತರಿಸಿದ್ದನ್ನು 2003ರಲ್ಲಿ ಸೇರಿಸಿ 179 ಮಾಡಿದರು. ಆ ಭಾಗಕ್ಕೆ ಇಂಗ್ಲಿಷ್ ಧ್ವನಿಯೇ ಇರಲಿಲ್ಲ. ಅದರ ನಟರಾದ ಈಸ್ಟ್‌ವುಡ್‌ಗೆ ಎಪ್ಪತ್ತು, ಈಲೈ ವಾಲಕ್‌ಗೆ ಎಂಬತ್ತು ದಾಟಿದ ಮೇಲೆ ಕರೆಸಿ ಮಾತಾಡಿಸಿದರು. ಮುಖ ಯುವಕನದ್ದು, ಧ್ವನಿ ತಾತನದ್ದು. ಮೂರನೇ ನಟ ಲೀ ವ್ಯಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಲ್ಲ, ಅವರಿಗೆ ಬೇರೆ ಯಾರದೋ ದನಿ. 2014ರ ಬ್ಲೂರೇ ನೋಡಿದರೆ ಆಕಾಶಕ್ಕೂ ಅರಿಶಿನ ಹಚ್ಚಿದ್ದಾರೆ. 2021ರ 4ಕೆಯಲ್ಲಿ ಮತ್ತೆ 161 ನಿಮಿಷ, ಅರಿಶಿನ ಇಲ್ಲ. ಈಗ ನೆಮ್ಮದಿ.

ಬಾಲ್ಕನಿ_ಟಿಕೆಟ್:
ಒಂದೇ ಸಿನಿಮಾ ನಾಲ್ಕು ಸಲ! ಆ ದುಡ್ಡಿಗೆ ನಾನು 55 ಇಂಚಿನ ಟಿವಿ ತಗೊಂಡೆ, 43,990. ಆದರೆ ಒಂದು ಮಾತು. ಮೆಕೆನ್ನಾಸ್ ಗೋಲ್ಡ್ ನಾನು ಬಾಲ್ಕನಿಯಲ್ಲಿ ಕೂತು ನೋಡಿದವನು, ಕೊನೆಯ ಭೂಕಂಪಕ್ಕೆ ಕುರ್ಚಿ ಅಲ್ಲಾಡಿದ ಹಾಗಾಗಿತ್ತು. ಟಿವಿಯಲ್ಲಿ ಹಾಕಿದೆ. ಬಂಡೆಗಳೆಲ್ಲ ಪುಟಾಣಿ ಮಾಡೆಲ್ ಅಂತ ಎದ್ದು ಕಾಣುತ್ತದೆ. ಮೊಮ್ಮಗ ಕಿಸಕ್ ಅಂತ ನಕ್ಕ. ಆ ಸಿನಿಮಾ ಮತ್ತೆ ಹಾಕಿಲ್ಲ.

ಇನ್ನೊಂದು ಗೋಳು ಅಳಿಯನದ್ದು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಅವನಿಗೆ ಟಿವಿ ಕೆಟ್ಟಿದೆ ಅಂತ. ರಿಮೋಟ್ ತಗೊಂಡು ಝೂಮ್ ಮಾಡಿಬಿಡುತ್ತಾನೆ. ಗುಡ್ ಬ್ಯಾಡ್ ಅಗ್ಲಿಯ ಕೊನೆಯಲ್ಲಿ ಸ್ಮಶಾನದ ನಡುವೆ ಮೂವರು ನಿಲ್ಲಬೇಕಲ್ಲ, ನಮ್ಮನೆಯಲ್ಲಿ ಇಬ್ಬರೇ ನಿಂತಿದ್ದರು.

ಸಬ್‌ಟೈಟಲ್_ಮೇಷ್ಟ್ರು:
ಕಿವಿ ಮಂದ ಅಂತ ಬರೆದಿದ್ದಾರೆ, ಯಾರೂ ಓದಲಿಲ್ಲವಾ?

ನಮ್ಮಮ್ಮನಿಗಾಗಿ ಹೈ ನೂನ್‌ಗೆ ಕನ್ನಡ ಸಬ್‌ಟೈಟಲ್ ನಾನೇ ಬರೆದೆ. 85 ನಿಮಿಷದ ಸಿನಿಮಾಕ್ಕೆ 23 ಸಂಜೆ ಹಿಡಿಯಿತು. ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದರೆ ಒತ್ತಕ್ಷರ ಎಲ್ಲ ಕಳಚಿಕೊಂಡು ನಿಂತಿವೆ. ಮಧ್ಯಾಹ್ನ ಅನ್ನೋದು 'ಮಧ್‌ಯಾಹ್‌ನ'. ಇಡೀ ಸಿನಿಮಾ ಮಧ್ಯಾಹ್ನದ ರೈಲಿಗೆ ಕಾಯೋದೇ ಸ್ವಾಮಿ, ಆ ಪದ ಎಷ್ಟು ಸಲ ಬರುತ್ತೆ ಅಂತ ಗೊತ್ತಲ್ವಾ? ಕೊನೆಗೆ ಅಕ್ಷರವನ್ನು ಚಿತ್ರದೊಳಗೇ ಅಂಟಿಸಿ ಹೊಸ ಫೈಲ್ ಮಾಡಿದೆ. ಹಳೇ ಲ್ಯಾಪ್‌ಟಾಪ್, 7 ಗಂಟೆ, ಎರಡು ಸಲ ಹ್ಯಾಂಗ್.

ಆಮೇಲೆ ಗುಡ್ ಬ್ಯಾಡ್ ಅಗ್ಲಿಗೆ ಕೈ ಹಾಕಿ ಕೆಟ್ಟೆ. ನಾನು ಬರೆದಿದ್ದು 161 ನಿಮಿಷದ್ದಕ್ಕೆ, ಟಿವಿಯಲ್ಲಿದ್ದದ್ದು 179ರದ್ದು. ಸೇರಿಸಿದ ಒಂದೊಂದು ದೃಶ್ಯ ಕಳೆದ ಹಾಗೆ ಸಾಲುಗಳು ಮುಂದೆ ಓಡುತ್ತವೆ. ಟುಕೊ (ವಾಲಕ್ ಮಾಡಿದ ಪಾತ್ರ) ಬಾಯಿ ತೆರೆಯೋ ಮೊದಲೇ ಅವನ ಬೈಗುಳ ಕೆಳಗೆ ಬಂದಿರುತ್ತದೆ.

ಹೈ ನೂನ್ ನೋಡಿ ಅಮ್ಮ ಹೇಳಿದ್ದು ಒಂದೇ ಮಾತು, "ಥೇಟ್ ನಮ್ಮೂರೇ ಕಣೋ, ಒಬ್ಬನೂ ಜೊತೆಗೆ ಬರಲಿಲ್ಲ."

ಬಾಲ್ಕನಿ_ಟಿಕೆಟ್:
ಹೈ ನೂನ್ ಒಂದು ವೆಸ್ಟರ್ನ್ (ಕೌಬಾಯ್ ಸಿನಿಮಾ) ಅಂತ 23 ಸಂಜೆ ಕಳೆದಿರಾ? ಶೆರಿಫ್ ಆದವನು ಮನೆ ಮನೆ ತಿರುಗಿ ಸಹಾಯ ಬೇಡೋದು! ಅದನ್ನು ನೋಡಿ ಬೇಜಾರಾಗಿಯೇ ನಿರ್ದೇಶಕ ಹಾಕ್ಸ್ ಮತ್ತು ನಟ ಜಾನ್ ವೇನ್ 1959ರಲ್ಲಿ ರಿಯೋ ಬ್ರಾವೋ ಮಾಡಿದ್ದು. ಅಲ್ಲಿ ಒಬ್ಬ ಕುಡುಕ, ಒಬ್ಬ ಕುಂಟ ಮುದುಕ, ಒಬ್ಬ ಹುಡುಗ. ಅಷ್ಟೇ ಜನ ಇಟ್ಟುಕೊಂಡು ಶೆರಿಫ್ ಗೆಲ್ಲುತ್ತಾನೆ.

ಸಬ್‌ಟೈಟಲ್_ಮೇಷ್ಟ್ರು:
ಹಿರಿಯರೇ, ಶೆರಿಫ್ ಅಲ್ಲ, ಮಾರ್ಷಲ್. ಬಾಲ್ಕನಿಯಲ್ಲಿ ನಿದ್ದೆ ಬಂದಿತ್ತೇನೋ. ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್ ಅವರನ್ನು 1951ರಲ್ಲಿ, ಆ ಸಿನಿಮಾ ತಯಾರಾಗುತ್ತಿದ್ದಾಗಲೇ, ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಸಮಿತಿ ಮುಂದೆ ನಿಲ್ಲಿಸಿದ್ದರು. ಜೊತೆಯವರ ಹೆಸರು ಹೇಳಲಿಲ್ಲ, ಕೆಲಸ ಹೋಯಿತು, ಇಂಗ್ಲೆಂಡಿಗೆ ಹೋಗಬೇಕಾಯಿತು. ಜೊತೆಗೆ ಬಾರದ ಊರು ಯಾವುದು ಅಂತ ಅವರಿಗೆ ಗೊತ್ತಿತ್ತು.

ಬಾಲ್ಕನಿ_ಟಿಕೆಟ್:
ನಿದ್ದೆ ಮಾಡುವವರು ಒಂದೂವರೆ ರೂಪಾಯಿ ಉಳಿಸಲು ಎಂ.ಜಿ. ರಸ್ತೆಗೆ ನಡೆದು ಹೋಗುತ್ತಿರಲಿಲ್ಲ. ರಾಜಕೀಯ ಇದ್ದರೆ ಸಿನಿಮಾ ಒಳ್ಳೆಯದಾಗುತ್ತಾ?

ಕುದುರೆ_ಧೂಳು:
ಇಬ್ಬರೂ ಜಾನ್ ವೇನ್ ಇರುವ ದಿ ಸರ್ಚರ್ಸ್ ನೋಡಿ ಮಾತಾಡಿ. 4ಕೆಯಲ್ಲಿ. ಆ ಕೆಂಪು ಮಣ್ಣನ್ನು ಯೂಟ್ಯೂಬಿನಲ್ಲಿ ನೋಡಿದವರ ಹತ್ತಿರ ನಾನು ವಾದ ಮಾಡೋದಿಲ್ಲ.

ತೀರ್ಥಹಳ್ಳಿ_ಹುಡುಗ:
ಸರ್, ನನ್ನ ಪ್ರಶ್ನೆ 40 ಸಾವಿರದ್ದು...

ಹಳೇ_ರೀಲು:
ಹೌದಲ್ಲ. ತೀರ್ಥಹಳ್ಳಿಯವರೇ, ನನ್ನ ಪ್ರೊಜೆಕ್ಟರ್ ಅಟ್ಟದ ಮೇಲಿದೆ. ಎರಡನೇ ಲ್ಯಾಂಪ್ 340 ಗಂಟೆಯಷ್ಟೇ ಓಡಿದೆ, ಬೂಷ್ಟು ತೆಗೆಸಿದ್ದೇನೆ. ಯುಪಿಎಸ್ ಸೇರಿ 18,000ಕ್ಕೆ ಕೊಡುತ್ತೇನೆ, ಪರದೆ ಸುಮ್ನೆ ತಗೊಂಡು ಹೋಗಿ.

ಕುದುರೆ_ಧೂಳು:
"ಪ್ರೊಜೆಕ್ಟರ್ ಮಾತ್ರ ಬೇಡ" ಅಂತ ಮೊದಲ ಸಾಲಿನಲ್ಲೇ ಹೇಳಿದವರು ನೀವೇ ಅಲ್ವಾ?

ಹಳೇ_ರೀಲು:
ಹೊಸದು ಬೇಡ ಅಂದೆ.